ಪದಚರ್ಚೆ: ಆಟದ ‘ಟರ್ನ್’ಗೆ ಸರದಿಯೋ, ಪಾಳಿಯೋ, ಸುತ್ತೋ?

ಗೆಳೆಯರೆ, ನಮಸ್ಕಾರ.

ಎರಡು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಒಂದು, ಆಟದ ‘ಟರ್ನ್’ಗೆ. ಇನ್ನೊಂದು, ಎದುರಾಳಿಯನ್ನು ಕೊಲ್ಲದೆ ಮುರಿದು ಬಿಡುವುದಕ್ಕೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪದ ಎಲ್ಲಿ ಸಿಕ್ಕಿಕೊಂಡಿದೆ ಅಂತ ತೋರಿಸದೆ ಕೇಳಿದರೆ ನಿಘಂಟಿನಲ್ಲಿರುವ ಉತ್ತರ ಬರುತ್ತದೆ. ಆ ಉತ್ತರ ನನ್ನ ಹತ್ತಿರ ಆಗಲೇ ಇದೆ. ಅದರಿಂದ ಕೆಲಸ ನಡೆಯಲಿಲ್ಲ.

ಕೆಲವು ತಿಂಗಳಿಂದ ನಾನು ಬ್ಯಾನರ್ ಸಾಗಾ ಅನ್ನುವ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನ ಸ್ಟೋಯಿಕ್ ಅನ್ನುವ ಪುಟ್ಟ ತಂಡ ಮಾಡಿದ ಆಟ ಇದು. ಬಯೋವೇರ್ ಎಂಬ ದೊಡ್ಡ ಕಂಪನಿಯಲ್ಲಿದ್ದ ಮೂವರು ಕೆಲಸ ಬಿಟ್ಟು ಬಂದು ಈ ತಂಡ ಕಟ್ಟಿದರು. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ (ಜನರಿಂದ ಹಣ ಕೂಡಿಸುವ ಜಾಲತಾಣ) ಜನರ ಮುಂದೆ ಕೈಚಾಚಿ 1 ಲಕ್ಷ ಡಾಲರ್ ಕೇಳಿದರು. ಬಂದದ್ದು 7 ಲಕ್ಷ 23 ಸಾವಿರಕ್ಕೂ ಜಾಸ್ತಿ. ಮೊದಲ ಭಾಗ 2014ರ ಜನವರಿಯಲ್ಲಿ ಬಂತು, ಮುಂದಿನವು 2016 ಮತ್ತು 2018ರಲ್ಲಿ. ಕಥೆ ಶುರುವಾಗುವ ಹೊತ್ತಿಗೆ ದೇವರುಗಳು ಸತ್ತಿದ್ದಾರೆ. ಸೂರ್ಯ ಆಕಾಶದಲ್ಲಿ ನಿಂತಲ್ಲೇ ನಿಂತುಬಿಟ್ಟಿದ್ದಾನೆ. ಹಿಮದ ನಾಡಿನಲ್ಲಿ ಮನುಷ್ಯರೂ ಕೊಂಬಿರುವ ದೈತ್ಯರೂ ಗಾಡಿ ಕಟ್ಟಿಕೊಂಡು ಗುಳೆ ಹೊರಟಿದ್ದಾರೆ. ಹಿಂದಿನಿಂದ ಕಲ್ಲಿನ ಮೈಯ ಶತ್ರುಗಳು ಬರುತ್ತಿದ್ದಾರೆ. ಗುಳೆ ಅನ್ನುವ ಪದ ನನಗೆ ತಾನಾಗಿಯೇ ಬಂತು, ಹುಡುಕಬೇಕಾಗಲಿಲ್ಲ. ಊರು ಬಿಟ್ಟು ಹೊಟ್ಟೆಗೂ ಜೀವಕ್ಕೂ ನಡೆಯುವ ಜನಕ್ಕೆ ನಮ್ಮಲ್ಲಿ ಇನ್ನೊಂದು ಪದ ಬೇಕಿಲ್ಲ.

ತೊಡಕು ಬಂದದ್ದು ಕಾಳಗದಲ್ಲಿ.

ಈ ಆಟದ ಬಗ್ಗೆ ಆಡಿದವರು ಏನನ್ನುತ್ತಾರೆ ಅಂತ ಗೆಳೆಯರಿಗಾಗಿ ಕನ್ನಡದಲ್ಲಿ ಬರೆಯಲು ಕೂತೆ. ಚಿತ್ರ ಮತ್ತು ಸಂಗೀತವನ್ನು ಹೊಗಳದವರು ಕಡಿಮೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಿದೆ. ಆದರೆ ಕಾಳಗದ ಮಾತು ಬಂದರೆ ಆಟಗಾರರು ಎರಡು ಪಂಗಡವಾಗುತ್ತಾರೆ. ಜಗಳದ ಬೇರು ಒಂದೇ ಒಂದು ನಿಯಮದಲ್ಲಿದೆ. ಚೌಕಳಿ ಹಾಸಿನ ಮೇಲೆ ನಮ್ಮವರು ಆರು ಜನ, ಅವರ ಕಡೆ ಆರು ಜನ ಅಂದುಕೊಳ್ಳಿ. ನಮ್ಮವನೊಬ್ಬ, ಅವರವನೊಬ್ಬ, ಮತ್ತೆ ನಮ್ಮವನೊಬ್ಬ, ಮತ್ತೆ ಅವರವನೊಬ್ಬ, ಹೀಗೆ ಆಟ ಸಾಗುತ್ತದೆ. ಯಾವ ಕಡೆ ಎಷ್ಟು ಜನ ಉಳಿದಿದ್ದಾರೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಅವರ ನಾಲ್ವರನ್ನು ಕೊಂದು ಇಬ್ಬರನ್ನು ಉಳಿಸಿದಿರಿ ಅನ್ನಿ. ನಮ್ಮ ಆರೂ ಜನ ಒಮ್ಮೆ ಆಡಿ ಮುಗಿಸುವಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬೊಬ್ಬನೂ ಮೂರು ಮೂರು ಸಲ ಆಡಿರುತ್ತಾನೆ! ಕೊಂದಷ್ಟೂ ಉಳಿದವರ ಕೈ ಚುರುಕಾಗುತ್ತದೆ.

“ಇದೆಂಥ ಯುದ್ಧ? ಜನ ಕಡಿಮೆಯಾದರೆ ಬಲ ಕಡಿಮೆಯಾಗಬೇಕಲ್ವಾ?” ಎನ್ನುವುದು ಒಂದು ಪಂಗಡದ ದೂರು. “ಇದು ಚದುರಂಗದ ಹಾಗೆ. ನಿನ್ನದೊಂದು ನಡೆ, ನನ್ನದೊಂದು ನಡೆ. ಕಾಯಿ ಎಷ್ಟಿದ್ದರೇನು?” ಎನ್ನುವುದು ಇನ್ನೊಂದು ಪಂಗಡದ ಉತ್ತರ. ನಾನೂ ಮೊದಲು ದೂರುವವರ ಕಡೆಗೇ ಇದ್ದೆ. ಆಮೇಲೆ ಹುಲಿ ಕುರಿ ಆಟ ನೆನಪಾಯಿತು. ನಾವು ಆಡುತ್ತಿದ್ದ ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಕುರಿಯ ಕಡೆ ಒಂದು ಸಲಕ್ಕೆ ಒಂದೇ ಕಾಯಿ, ಹುಲಿಯ ಕಡೆಯೂ ಒಂದೇ. ಮೂರೇ ಇರುವುದರಿಂದ ಒಂದೊಂದು ಹುಲಿಗೂ ಬೇಗ ಬೇಗ ಅವಕಾಶ ಸಿಗುತ್ತದೆ. ಹುಲಿಯ ಹುಲಿತನ ಇರುವುದು ಹಾರಿ ಕೊಲ್ಲುವುದರಲ್ಲಿ ಮಾತ್ರ ಅಲ್ಲ, ಈ ಲೆಕ್ಕದಲ್ಲೂ ಇದೆ. ಜಗಲಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಆಡುವಾಗ ಯಾರೂ ಅದನ್ನು ಅನ್ಯಾಯ ಅನ್ನಲಿಲ್ಲ.

ಇದನ್ನು ಬರೆಯುವಾಗ ನನ್ನ ಮೊದಲ ವಾಕ್ಯ ಹೀಗಿತ್ತು: “ನಮ್ಮ ಒಂದು ಸರದಿ ಮುಗಿಯುವಷ್ಟರಲ್ಲಿ ಅವನಿಗೆ ಮೂರು ಸರದಿ ಬರುತ್ತದೆ.” ಓದಿದ ಧಾರವಾಡದ ಗೆಳೆಯ ಕೇಳಿದ, “ಯಾರ ಸರದಿ? ತಂಡದ್ದೋ, ಒಬ್ಬೊಬ್ಬನದೋ?” ಅವನ ಪ್ರಶ್ನೆ ಸರಿಯಾಗಿತ್ತು. ಒಂದೇ ವಾಕ್ಯದಲ್ಲಿ ‘ಸರದಿ’ಯನ್ನು ಎರಡು ಅರ್ಥಕ್ಕೆ ದುಡಿಸಿಕೊಂಡಿದ್ದೆ. ಇಂಗ್ಲಿಷ್ ಆಟಗಾರರೂ ‘ಟರ್ನ್’ ಅನ್ನುವ ಒಂದೇ ಪದದಲ್ಲಿ ಮೂರ್ನಾಲ್ಕು ಅರ್ಥ ತುಂಬುತ್ತಾರೆ. ಅವರ ಜಗಳ ಅರ್ಧ ಅಲ್ಲೇ ಹುಟ್ಟುತ್ತದೆ ಅಂತ ನನಗೀಗ ಅನ್ನಿಸುತ್ತಿದೆ. ಕನ್ನಡದಲ್ಲಿ ಈ ಅರ್ಥಗಳಿಗೆ ಬೇರೆ ಬೇರೆ ಪದಗಳು ಆಗಲೇ ಇವೆ. ಅವನ್ನು ಒಂದೇ ಬುಟ್ಟಿಗೆ ಹಾಕುವುದು ಬೇಡ ಅನ್ನುವುದೇ ನಾನು ಹೇಳಬೇಕೆಂದಿರುವ ಮಾತು.

ಸರದಿ ಅಂದಾಗ ನನ್ನ ಕಿವಿಗೆ ಕೇಳುವುದು ಕಾಯುವಿಕೆ. ಸರದಿ ಸಾಲು, ಸರದಿ ಉಪವಾಸ, “ನಿನ್ನ ಸರದಿ ಬರುವವರೆಗೆ ಸುಮ್ನೆ ಇರು.” ಸರದಿ ‘ಬರುತ್ತದೆ’. ಬಂದಾಗ ಆಡುತ್ತೀರಿ, ಮತ್ತೆ ಸಾಲಿನ ಕೊನೆಗೆ ಹೋಗುತ್ತೀರಿ. ಹಾಗಾಗಿ ಒಬ್ಬ ಯೋಧನಿಗೆ ಸಿಗುವ ಅವಕಾಶಕ್ಕೆ ಇದು ಹೇಳಿ ಮಾಡಿಸಿದ ಪದ.

ಪಾಳಿ ಬೇರೆ. ರಾತ್ರಿ ಪಾಳಿ, ಹಗಲು ಪಾಳಿ, ಮೊದಲ ಪಾಳಿಯ ಕಾರ್ಮಿಕರು. ಇದು ಒಂದು ಹೊತ್ತಿನ ತುಂಡು. ಆ ಹೊತ್ತು ಪೂರ್ತಿ ಆ ತಂಡದ್ದು. ಮುಗಿಯುವವರೆಗೆ ಇನ್ನೊಂದು ತಂಡ ಒಳಗೆ ಬರುವುದಿಲ್ಲ. ಎಕ್ಸ್‌ಕಾಮ್‌ನಂಥ ಆಟಗಳಲ್ಲಿ ನಡೆಯುವುದು ಇದೇ. ನಮ್ಮವರೆಲ್ಲ ಒಬ್ಬರಾದ ಮೇಲೆ ಒಬ್ಬರು ಆಡಿ ಮುಗಿಸುತ್ತಾರೆ, ಆಮೇಲೆ ಎದುರಾಳಿಗಳೆಲ್ಲ ಆಡುತ್ತಾರೆ. ಅದಕ್ಕೆ ‘ನಮ್ಮ ಪಾಳಿ’, ‘ಅವರ ಪಾಳಿ’ ಅಂದರೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಆದರೆ ನನ್ನ ಗೆಳೆಯ ಇದನ್ನು ಪೂರ್ತಿ ಒಪ್ಪುತ್ತಿಲ್ಲ. ಅವನ ಕಡೆ ಸಾಲಿನಲ್ಲಿ ನಿಂತವರನ್ನು ಕಂಡು “ಪಾಳಿ ಹಚ್ಚ್ಯಾರ” ಅನ್ನುತ್ತಾರೆ. ಪಗಡಿ ಆಡುವಾಗಲೂ “ಈಗ ನಿನ್ನ ಪಾಳಿ” ಅನ್ನುವುದೇ ರೂಢಿ. ನನಗೆ ಸರದಿ ಹೇಗೋ ಅವನಿಗೆ ಪಾಳಿ ಹಾಗೆ. ನಾನು ಹೇಳುವ ವ್ಯತ್ಯಾಸ ಬರೀ ಮೈಸೂರು ಕಡೆಯ ಕಿವಿಯದೋ ಅಂತ ಒಂದು ಅಳುಕು ಇದೆ. ಉತ್ತರ ಕರ್ನಾಟಕದವರು ದಯವಿಟ್ಟು ಇದರ ಬಗ್ಗೆ ಬರೆಯಿರಿ.

ಸುತ್ತು ಅಂದರೆ ಎಲ್ಲರೂ ಒಂದೊಂದು ಸಲ ಆಡಿ ಮುಗಿಯುವುದು. ಮತ ಎಣಿಕೆಯ ಸುತ್ತು, ಮಾತುಕತೆಯ ಸುತ್ತು, ಕಬಡ್ಡಿ ಪಂದ್ಯಾವಳಿಯ ಸುತ್ತು. ಜರ್ಮನಿಯ ಹ್ಯಾಂಬರ್ಗ್‌ನ ಓವರ್‌ಹೈಪ್ ಸ್ಟುಡಿಯೋಸ್ 2017ರಲ್ಲಿ ಹೊರತಂದ ಬ್ಯಾಟಲ್ ಬ್ರದರ್ಸ್ ಆಟದಲ್ಲಿ ಸುತ್ತು ಇದೆ. ಚುರುಕಾಗಿರುವವನು ಮೊದಲು, ದಣಿದವನು ಕೊನೆಗೆ. ಆದರೆ ಒಂದು ಸುತ್ತಿನಲ್ಲಿ ಪ್ರತಿಯೊಬ್ಬನಿಗೂ ಸರದಿ ಬರುತ್ತದೆ. ಅಲ್ಲಿ ಒಬ್ಬನನ್ನು ಕೊಂದರೆ ಎದುರಿನ ಕಡೆಗೆ ಒಂದು ಸರದಿ ಕಡಿಮೆ.

ಹೀಗೆ ಬಿಡಿಸಿಟ್ಟುಕೊಂಡ ಮೇಲೆ ನನ್ನ ವಾಕ್ಯ ಸಲೀಸಾಗಿ ಬಂತು: “ಬ್ಯಾನರ್ ಸಾಗಾದಲ್ಲಿ ಸರದಿ ಇದೆ, ಎಲ್ಲರಿಗೂ ಸೇರಿದ ಸುತ್ತು ಇಲ್ಲ.” ಎದುರಾಳಿಗಳಲ್ಲಿ ಒಬ್ಬನೇ ಉಳಿದಾಗ ಮಾತ್ರ ಆಟ ಈ ನಿಯಮ ಬಿಡುತ್ತದೆ. ಆಗ ನಮ್ಮವರೆಲ್ಲ ಸಾಲಾಗಿ ಆಡುತ್ತಾರೆ, ಅವನಿಗೆ ಒಂದೇ ಸರದಿ. ಅಂದರೆ ಕೊನೆಗೆ ಸುತ್ತು ಮರಳಿ ಬರುತ್ತದೆ. ಗೆಳೆಯನಿಗೆ ಈ ವಾಕ್ಯ ಒಂದೇ ಸಲಕ್ಕೆ ಅರ್ಥವಾಯಿತು. ದೂರುವ ಆಟಗಾರರ ಗೋಳೂ ಇಷ್ಟೇ ನೋಡಿ. ಅವರು ಸುತ್ತು ಇರುತ್ತದೆ ಅಂದುಕೊಂಡು ಬಂದಿದ್ದರು.

‘ಸರದಿ ಆಧಾರಿತ ಆಟ’ ಅಂತ ಬರೆಯುವವರಿದ್ದಾರೆ. ಈ ‘ಆಧಾರಿತ’ ನನಗೆ ಬೇಡ ಅನ್ನಿಸುತ್ತದೆ. ಸರದಿ ಉಪವಾಸಕ್ಕೆ ಯಾರೂ ‘ಸರದಿ ಆಧಾರಿತ ಉಪವಾಸ’ ಅನ್ನುವುದಿಲ್ಲ. ‘ಸರದಿಯಾಟ’ ಸಾಕು. ರೋಲ್ ಪ್ಲೇಯಿಂಗ್‌ಗೆ ‘ಪಾತ್ರದಾಟ’ ಅಂತ ಬರೆದಿದ್ದೇನೆ. ಕರಾವಳಿಯವರಿಗೆ ‘ಆಟ’ ಅಂದರೆ ಯಕ್ಷಗಾನವೇ ಆದ್ದರಿಂದ ಅವರ ಕಿವಿಗೆ ಇದು ಹೇಗೆ ಕೇಳುತ್ತದೋ ತಿಳಿಸಿ. ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡಿದ ಆಟಕ್ಕೆ ಇಂಗ್ಲಿಷ್‌ನಲ್ಲಿ ‘ಇಂಡಿ’ ಅನ್ನುವುದನ್ನು ಹಾಗೇ ಬಿಟ್ಟಿದ್ದೆ. ವಿಜಯಪುರ ಜಿಲ್ಲೆಯ ಇಂಡಿ ನೆನಪಾಗುತ್ತದೆ ಅಂದರು ಒಬ್ಬರು. ‘ಸಣ್ಣ ತಂಡದ ಆಟ’ ಅಂತ ಬದಲಿಸಿದೆ.

ಇನ್ನು ಎರಡನೆಯ ಪದ. ಇದೇ ನನ್ನನ್ನು ಜಾಸ್ತಿ ಕಾಡಿದ್ದು.

ಈ ಆಟದಲ್ಲಿ ಯೋಧನ ಜೀವಕ್ಕೂ ಅವನ ಪೆಟ್ಟಿನ ಬಲಕ್ಕೂ ಒಂದೇ ಅಂಕಿ. ಅದಕ್ಕೆ ‘ತ್ರಾಣ’ ಅಂತ ಪದ ಹಾಕಿದ್ದೇನೆ. ಜ್ವರ ಬಂದು ಎದ್ದವರು “ಕೈಯೆತ್ತೋಕೂ ತ್ರಾಣ ಇಲ್ಲ” ಅನ್ನುತ್ತಾರಲ್ಲ, ಅಲ್ಲಿ ಜೀವ ಮತ್ತು ಬಲ ಎರಡೂ ಒಂದೇ ಪದದಲ್ಲಿವೆ. ನನ್ನ ತ್ರಾಣ 12, ಎದುರಿನವನ ಕವಚ 8 ಇದ್ದರೆ ಅವನ ತ್ರಾಣದಲ್ಲಿ 4 ಹೋಗುತ್ತದೆ. ಗಾಯವಾದಷ್ಟೂ ಅವನು ಹೊಡೆಯುವ ಪೆಟ್ಟೂ ಸಣ್ಣದಾಗುತ್ತದೆ. ಕವಚ ಒಡೆಯುವ ಅಂಕಿ ಮಾತ್ರ ಬೇರೆ, ಅದು ಗಾಯದಿಂದ ಕುಗ್ಗುವುದಿಲ್ಲ. (ಕವಚಕ್ಕೆ ನಡುಗನ್ನಡ ಕಾವ್ಯಗಳಲ್ಲಿ ‘ಜೋಡು’ ಅನ್ನುವ ಚಂದದ ಪದ ಇದೆ. ಬಳಸಬೇಕೆಂದು ತುಂಬಾ ಆಸೆಯಿತ್ತು. ಆದರೆ ಈಗಿನ ಓದುಗರಿಗೆ ಅದು ಜೋಡಿ ಅಥವಾ ಕಾಲಿನ ಮೆಟ್ಟು. ಬಿಟ್ಟುಬಿಟ್ಟೆ.)

ಈ ಲೆಕ್ಕವನ್ನು ಮೇಲಿನ ಸರದಿಯ ನಿಯಮದ ಜೊತೆ ಇಟ್ಟು ನೋಡಿ. ಎದುರಾಳಿಯನ್ನು ಕೊಂದರೆ ಅವನ ಸರದಿ ಇನ್ನೊಬ್ಬ ಗಟ್ಟಿ ಆಳಿಗೆ ಹೋಗುತ್ತದೆ. ಕೊಲ್ಲದೆ, ತ್ರಾಣ 2ಕ್ಕೋ 3ಕ್ಕೋ ಇಳಿಸಿ ಬಿಟ್ಟರೆ? ಅವನು ಸಾಲಿನಲ್ಲಿ ಇರುತ್ತಾನೆ, ತನ್ನ ಸರದಿ ತಿನ್ನುತ್ತಾನೆ, ಆದರೆ ಅವನ ಪೆಟ್ಟು ನಮ್ಮ ಮೈಗೆ ಅಷ್ಟಾಗಿ ತಾಗುವುದಿಲ್ಲ. ನುರಿತ ಆಟಗಾರರು ಹೇಳುವ ಉಪಾಯ ಇದೇ: ಬೇಗ ಕೊಲ್ಲಬೇಡಿ, ಎಲ್ಲರನ್ನೂ ಸ್ವಲ್ಪ ಸ್ವಲ್ಪ ಮುರಿಯಿರಿ. ಬೇಸರಪಡುವವರು ಬೇಸರಪಡುವುದೂ ಇಲ್ಲೇ. ಗಾಯಗೊಂಡವನನ್ನು ನರಳಲು ಬಿಡುವುದೇ ಜಾಣತನ ಅನ್ನಿಸುವ ಆಟ ಮನಸ್ಸಿಗೆ ಹಿತವಲ್ಲ. ನನಗೂ ಹಿತವಲ್ಲ. ಆದರೂ ಅಷ್ಟು ಕಠಿಣ ಕಥೆಗೆ ಈ ಕಠಿಣ ನಿಯಮ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹೀಗೆ ಮುರಿದು ಬಿಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಗಾಯಗೊಳಿಸು’ ಸಪ್ಪೆ. ‘ಊನಗೊಳಿಸು’ ಆಸ್ಪತ್ರೆಯ ಕಾಗದದ ಹಾಗಿದೆ. ‘ಅರೆಜೀವ ಮಾಡು’ ಹತ್ತಿರ ಬರುತ್ತದೆ. ‘ಹಣ್ಣುಗಾಯಿ ನೀರುಗಾಯಿ ಮಾಡು’ ಅನ್ನುವುದಕ್ಕೆ ಎಷ್ಟು ಕಸುವಿದೆ! ಅದನ್ನೇ ಆರಿಸಿದ್ದೆ. ಆದರೆ ಚೌಕಾಬಾರ ಆಡಿ ಬೆಳೆದವರಿಗೆ ಒಂದು ತೊಂದರೆ. ಅಲ್ಲಿ ಕಾಯಿ ಸುತ್ತೆಲ್ಲ ಮುಗಿಸಿ ನಡುಮನೆ ಸೇರಿದರೆ “ಹಣ್ಣಾಯ್ತು” ಅನ್ನುತ್ತೇವೆ. ಹಣ್ಣಾಗುವುದು ಅಲ್ಲಿ ಗೆಲುವು. ಆಟದ ಮಾತಿನಲ್ಲಿ ಇದೇ ಪದ ಸೋಲಿಗೆ ಬಂದರೆ ಕಿವಿ ತಡವರಿಸುತ್ತದೆ.

ಆಗ ಅಜ್ಜಿಯ ಮಾತು ನೆನಪಿಗೆ ಬಂತು. ನಾವು ಚೌಕಾಬಾರ ಆಡುವಾಗ ಪುಟ್ಟ ತಂಗಿಯೂ ಬಂದು ಕೂರುತ್ತಿದ್ದಳು. ಉಜ್ಜಿದ ಹುಣಸೆ ಬೀಜಗಳನ್ನು ಅವಳ ಕೈಗೂ ಕೊಡುತ್ತಿದ್ದೆವು. ಅವಳು ಹಾಕಿದ ಗರವನ್ನು ಯಾರೂ ಎಣಿಸುತ್ತಿರಲಿಲ್ಲ. “ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ” ಅನ್ನುತ್ತಿದ್ದರು ಅಜ್ಜಿ. ನಿಮ್ಮೆಲ್ಲರಿಗೂ ಗೊತ್ತಿರುವ ಮಾತೇ. ಈ ಅರೆಜೀವದ ಯೋಧ ಅದನ್ನು ತಲೆಕೆಳಗು ಮಾಡಿದ ಹಾಗೆ. ಸರದಿ ಎಣಿಸುವಾಗ ಅವನಿದ್ದಾನೆ, ಹೊಡೆದಾಟಕ್ಕೆ ಬಂದರೆ ಇಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇಷ್ಟು ನಿಖರವಾದ ವಿವರಣೆ ನನಗೆ ಯಾವ ಆಟಗಾರನ ಬರಹದಲ್ಲೂ ಸಿಕ್ಕಿರಲಿಲ್ಲ. ಅದು ಜಗಲಿಯ ಮೇಲೆ ಮೊದಲೇ ಇತ್ತು. ಆದರೆ ಇದೊಂದು ಇಡೀ ಮಾತು. ನನಗೆ ಕ್ರಿಯಾಪದ ಬೇಕು. “ಅವನನ್ನು ಕೊಲ್ಲಬೇಡ, ______” ಅನ್ನುವ ಕಡೆ ಕೂರುವಂಥದ್ದು.

ಇನ್ನೊಂದು ಸಣ್ಣ ಪ್ರಶ್ನೆ. ಕಾಳಗದಲ್ಲಿ ಗಳಿಸುವ ‘ರಿನೌನ್’ ಅನ್ನು ‘ಹೆಸರು’ ಅಂದಿದ್ದೇನೆ. ಅದನ್ನು ಕೊಟ್ಟೇ ಗುಳೆ ಜನಕ್ಕೆ ದವಸ ಕೊಳ್ಳಬೇಕು, ಅದನ್ನು ಕೊಟ್ಟೇ ಯೋಧರನ್ನು ಮೇಲೇರಿಸಬೇಕು. ಊಟವೋ ಬಲವೋ ಅನ್ನುವ ಈ ಇಕ್ಕಟ್ಟಿನ ಬಗ್ಗೆಯೂ ಆಟಗಾರರಲ್ಲಿ ತುಂಬಾ ಮಾತಿದೆ. ಕನ್ನಡದಲ್ಲಿ ಹೆಸರು ಗಳಿಸುತ್ತೇವೆ, ಉಳಿಸುತ್ತೇವೆ, ಕೆಡಿಸಿಕೊಳ್ಳುತ್ತೇವೆ. ‘ಹೆಸರು ಖರ್ಚು ಮಾಡು’ ಅಂತ ಯಾರೂ ಅನ್ನುವುದಿಲ್ಲ. ಪುಣ್ಯವಾದರೆ ಕರಗುತ್ತದೆ, ತೀರುತ್ತದೆ. ಆದರೆ ಕೊಂದು ಗಳಿಸಿದ್ದಕ್ಕೆ ಪುಣ್ಯ ಅನ್ನಲು ನನ್ನ ಕೈ ಬರೆಯುತ್ತಿಲ್ಲ. ನಿಮಗೆ ಏನಾದರೂ ಹೊಳೆದರೆ ಹೇಳಿ.

ಕೊನೆಗೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಆ ಪುಟ್ಟ ಮಗುವಿಗೆ ನಿಮ್ಮ ಊರಿನ ಮಕ್ಕಳು ಇಟ್ಟ ಹೆಸರೇನು? ಒಂದೊಂದು ಕಡೆ ಒಂದೊಂದು ಇರುತ್ತದೆ. ಜಿಲ್ಲೆ, ತಾಲ್ಲೂಕು ಸೇರಿಸಿ ಬರೆಯಿರಿ. ನನಗೆ ಬೇಕಾದ ಕ್ರಿಯಾಪದ ಆ ಹೆಸರುಗಳಲ್ಲೇ ಒಂದರಿಂದ ಹುಟ್ಟಬಹುದು ಅಂತ ನನ್ನ ನಂಬಿಕೆ.