ಆಕ್ಲೆಂಡ್ ಮತ್ತು ವೈಹೆಕೆ ದ್ವೀಪ: ಹೋಗಿ ಬಂದವರು ಸ್ವಲ್ಪ ಹೇಳಿ

ಜನವರಿ ಕೊನೆಗೆ ಅಪ್ಪ ಅಮ್ಮನ ಜೊತೆ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೊರಟಿದ್ದೇವೆ. ವೈಹೆಕೆ ದ್ವೀಪಕ್ಕೆ ಹೋಗುವ ದಿನವೇ ರಂಗಿಟೊಟೊ ದ್ವೀಪವನ್ನೂ ಮುಗಿಸಬಹುದಾ? ಅಮ್ಮನಿಗೆ ಮಂಡಿ ನೋವು. ಊರಿನೊಳಗೆ ಏನು ನೋಡಬೇಕು ಅಂತಲೂ ಹೇಳಿ.

*

ದಯವಿಟ್ಟು ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ರಂಗಿಟೊಟೊ ಸುಮಾರು 600 ವರ್ಷಗಳ ಹಿಂದೆ ಸಮುದ್ರದಿಂದ ಎದ್ದ ಜ್ವಾಲಾಮುಖಿ. ತುದಿ 259 ಮೀಟರ್ ಎತ್ತರ. ಹತ್ತಲು ಒಂದು ಗಂಟೆ ಬೇಕು, ದಾರಿಯುದ್ದಕ್ಕೂ ಕಪ್ಪು ಲಾವಾ ಕಲ್ಲು. ಅಂಗಡಿ ಇಲ್ಲ, ನೀರನ್ನೂ ನಾವೇ ಒಯ್ಯಬೇಕು. ಮಂಡಿ ನೋವಿರುವವರಿಗೆ ಬೇಡವೇ ಬೇಡ. ಅದರ ಚಂದದ ಆಕಾರ ಮಿಷನ್ ಬೇ ದಂಡೆಯಿಂದಲೇ ಪೂರ್ತಿ ಕಾಣುತ್ತದೆ.

ವೈಹೆಕೆ ಹಾಗಲ್ಲ, ಅಮ್ಮನಿಗೆ ಹೇಳಿ ಮಾಡಿಸಿದ ಜಾಗ. ಪೇಟೆಯ ಜೆಟ್ಟಿಯಿಂದ ದೋಣಿಯಲ್ಲಿ 40 ನಿಮಿಷ. ಮಟಿಯಾಟಿಯಾದಲ್ಲಿ ಇಳಿದರೆ ಅಲ್ಲೇ ಸರ್ಕಾರಿ ಬಸ್ಸು ಸಿಗುತ್ತದೆ, ದುಬಾರಿ ಟೂರ್ ಬಸ್ಸು ಬೇಕಿಲ್ಲ. ಒನೆರೋವಾದಲ್ಲಿ ಕಾಫಿ ಕುಡಿದು ನೇರ ಒನೆಟಾಂಗಿಗೆ ಹೋಗಿ. ಉದ್ದನೆಯ ಬಿಳಿ ಮರಳಿನ ದಂಡೆ. ನಮ್ಮ ಮನೆಯ ಹಿರಿಯರು ಅಲ್ಲಿಂದ ಏಳಲು ಒಪ್ಪಲೇ ಇಲ್ಲ! ದ್ರಾಕ್ಷಿ ತೋಟಗಳಲ್ಲಿ ವೈನ್ ಕುಡಿಯದವರೂ ಊಟಕ್ಕೆ ಕೂರಬಹುದು, ಆದರೆ ಬೆಲೆ ಜಾಸ್ತಿ.

ದಿನ ಮಾತ್ರ ನೋಡಿಕೊಳ್ಳಿ. ಜನವರಿ 29ಕ್ಕೆ ಹತ್ತಿರದ ಸೋಮವಾರ ಆಕ್ಲೆಂಡಿಗೆ ರಜೆ. ಆ ವಾರಾಂತ್ಯ ಊರಿಗೆ ಊರೇ ದೋಣಿ ಹತ್ತುತ್ತದೆ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಹೋಗಿ. ವಾಪಸ್ ಬರಲು ಸಂಜೆಯ ನೂಕುನುಗ್ಗಲಿಗೆ ಮುಂಚಿನ ದೋಣಿ ಹಿಡಿಯಿರಿ.

*

ಊರಿನ ಬಗ್ಗೆ ನಾನು ಹೇಳುತ್ತೇನೆ. ಸ್ಕೈ ಟವರ್‌ಗಿಂತ ನನಗೆ ಮೌಂಟ್ ಈಡನ್ ಎಂಬ ಹಳೆಯ ಜ್ವಾಲಾಮುಖಿ ಗುಡ್ಡ ಇಷ್ಟ. 196 ಮೀಟರ್ ಎತ್ತರ, ಟಿಕೆಟ್ ಇಲ್ಲ, ಊರಿನ ಎರಡು ಬದಿಯ ಬಂದರುಗಳೂ ಕಾಣುತ್ತವೆ. ತುದಿಗೆ ಕಾರು ಬಿಡುವುದಿಲ್ಲ. ಆದರೆ ನಡೆಯಲು ಕಷ್ಟ ಇರುವವರಿಗೆ ಗೇಟ್ ತೆರೆಯುವ ವ್ಯವಸ್ಥೆ ಇದೆ, ಆಕ್ಲೆಂಡ್ ಕೌನ್ಸಿಲ್‌ಗೆ ಮೊದಲೇ ಫೋನ್ ಮಾಡಿ ಕೇಳಿ. ಮೇಲಿರುವ ಆಳವಾದ ಕುಳಿ ಇಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಪವಿತ್ರ. ಅದರೊಳಗೆ ಇಳಿಯಬಾರದು.

ಶನಿವಾರ ಬೆಳಗ್ಗೆ ಒಟಾರಾ ಸಂತೆ ತಪ್ಪಿಸಬೇಡಿ. ಸಮೋವಾ, ಟೊಂಗಾ ಕಡೆಯವರು ಕೆಸುವಿನ ಗೆಡ್ಡೆ, ಚಾಪೆ, ಹೂವಿನ ಬಟ್ಟೆ ಮಾರುತ್ತಾರೆ, ಹಾಡೂ ಇರುತ್ತದೆ. ಸಮೋವಾ, ಟೊಂಗಾದಂಥ ಪಾಲಿನೇಷ್ಯಾ ದ್ವೀಪಗಳ ಮೂಲದ ಇಷ್ಟು ಜನ ಬೇರೆ ಯಾವ ನಗರದಲ್ಲೂ ಇಲ್ಲ. ಸುಮ್ನೆ ಪೇಟೆಯ ಗಗನಚುಂಬಿಗಳನ್ನು ನೋಡಿ ಬಂದರೆ ಈ ಊರು ಗೊತ್ತಾಗುವುದೇ ಇಲ್ಲ. ನೂಡಲ್ಸ್ ಬೇಕಾದರೆ ಡೊಮಿನಿಯನ್ ರಸ್ತೆ. ಅಪ್ಪ ಅಮ್ಮನಿಗೆ ನಮ್ಮ ಕಡೆಯ ಊಟವೇ ಬೇಕು ಅಲ್ವಾ? ಸ್ಯಾಂಡ್ರಿಂಗ್‌ಹ್ಯಾಮ್ ರಸ್ತೆಗೆ ಕರೆದುಕೊಂಡು ಹೋಗಿ.

*

ಒಂದೇ ಮಾತು ಸೇರಿಸುತ್ತೇನೆ. ಅಮ್ಮ ಕಟ್ಟಿದ ಚಟ್ನಿಪುಡಿ, ಉಪ್ಪಿನಕಾಯಿ ಏನೇ ಇದ್ದರೂ ವಿಮಾನದಲ್ಲಿ ಕೊಡುವ ಫಾರಂನಲ್ಲೋ ಆನ್‌ಲೈನ್ ಫಾರಂನಲ್ಲೋ ಬರೆಯಿರಿ. ಬರೆದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್ ಕೂಡ ಇರಲಿ. ತಂಪು ಗಾಳಿ ಬೀಸುತ್ತಿದ್ದರೂ ಅಲ್ಲಿ ಚರ್ಮ ಬೇಗ ಸುಡುತ್ತದೆ.