ಸಹಾಯ ಬೇಕು: ಥಲಾಮಸ್ ಸ್ಟ್ರೋಕ್ ಆದಮೇಲೆ ಅಮ್ಮನ ಎಡಗೈ ಉರಿ

ನಮಸ್ಕಾರ, ನಾವು ಬದಿಯಡ್ಕ ಕಡೆಯವರು. ಮೂರು ತಿಂಗಳ ಹಿಂದೆ ಅಮ್ಮನಿಗೆ ಮೆದುಳಿನ ಬಲಬದಿಯ ಥಲಾಮಸ್‌ನಲ್ಲಿ ಸಣ್ಣ ರಕ್ತಸ್ರಾವ ಆಗಿತ್ತು. ಈಗ ನಡೆಯುತ್ತಾರೆ, ಮಾತೂ ಸರಿ ಇದೆ. ಆದರೆ ಎಡಗೈಗೆ ಬೈರಾಸು ತಾಗಿದರೂ ಕೆಂಡ ಇಟ್ಟ ಹಾಗೆ ಉರಿ ಅಂತಾರೆ, ತಣ್ಣೀರಂತೂ ಕೇಳಲೇಬೇಡಿ. ಕೈಯಲ್ಲಿ ಗಾಯವಿಲ್ಲ, ಕೆಂಪೂ ಇಲ್ಲ. ನೆರೆಕರೆಯವರು ದೃಷ್ಟಿ ತೆಗೆದೂ ಆಯಿತು!

ಡಾಕ್ಟರು ಹೇಳಿದ್ದು ಇಷ್ಟು: ಥಲಾಮಸ್ ಅಂದರೆ ಮೆದುಳಿನ ನಡುವೆ ಜೋಡಿಯಾಗಿರುವ, ಸುಮಾರು 3 ಸೆಂ.ಮೀ. ಉದ್ದದ, ಮೊಟ್ಟೆಯಾಕಾರದ ಭಾಗ. ಸ್ಪರ್ಶ, ನೋವು, ಬಿಸಿ-ತಂಪು, ನೋಟ, ಶಬ್ದ ಎಲ್ಲ ಅಲ್ಲಿ ಹಾದೇ ಕಾರ್ಟೆಕ್ಸಿಗೆ, ಅಂದರೆ ಮೆದುಳಿನ ಹೊರಪದರಕ್ಕೆ, ಹೋಗಬೇಕು. ವಾಸನೆಗೆ ಮಾತ್ರ ಬೇರೆ ನೇರ ದಾರಿ. ಬಲಕ್ಕೆ ಪೆಟ್ಟಾದರೆ ತೊಂದರೆ ಎಡಮೈಗೆ. 1906ರಲ್ಲೇ ಫ್ರಾನ್ಸಿನ ವೈದ್ಯರಾದ ಡೆಜೆರಿನ್ ಮತ್ತು ರೂಸಿ ಈ ಬಗೆಯ ನೋವನ್ನು ವಿವರಿಸಿದ್ದರಂತೆ.

ನರದ ನೋವಿಗೆ ಕೊಡುವ ಪ್ರೆಗಾಬಾಲಿನ್ ಔಷಧ ಶುರುವಾದ ಮೇಲೆ ಉರಿ ತುಸು ಇಳಿದಿದೆ, ಆದರೆ ಇಡೀ ದಿನ ತೂಕಡಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಆ ತೂಕಡಿಕೆ ಕ್ರಮೇಣ ಕಡಿಮೆಯಾಯಿತೇ? ಕುಂಬಳೆ, ಕಾಸರಗೋಡು ಆಸುಪಾಸು ಕನ್ನಡವೋ ತುಳುವೋ ಬರುವ ಫಿಸಿಯೋಥೆರಪಿಸ್ಟ್ ಇದ್ದಾರೆಯೇ? ಅಮ್ಮನಿಗೆ ಮಲಯಾಳ ಅರ್ಥವಾಗುತ್ತದೆ, ಅದರಲ್ಲಿ ನೋವು ಹೇಳಿಕೊಳ್ಳಲು ಬರುವುದಿಲ್ಲ.

ದಯವಿಟ್ಟು ಎಣ್ಣೆ ಹೇಳಬೇಡಿ, ತಿಕ್ಕಲು ಕೈ ಮುಟ್ಟಿದರೆ ಸಾಕು, ಕಿರುಚುತ್ತಾರೆ.