ಬಿಡಿ ಲೆಗೊ ತುಂಡುಗಳನ್ನು ಕೂಡಿಡುವ ಬಗ್ಗೆ ರಘುವಿಗೆ ಉತ್ತರ

ರಘು, ಒಂದಕ್ಕೊಂದು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಾದ ಲೆಗೊದ ಮೊಹರು ಒಡೆಯದ ಸೆಟ್‌ಗಳು ದುಬಾರಿ, ಅವುಗಳ ಬದಲು ಬಿಡಿ ತುಂಡುಗಳನ್ನೇ ಸಾವಿರಗಟ್ಟಲೆ ಕೊಂಡು ಹತ್ತು ಹದಿನೈದು ವರ್ಷ ಇಟ್ಟು ಮಾರಿದರೆ ಹೇಗೆ ಎಂದು ನೀನು ನಿನ್ನೆ ಕೇಳಿದ್ದೆ. ಎರಡು ಸಾಲಿನಲ್ಲಿ ಬರೆದು ಮುಗಿಸುವ ಉತ್ತರವಲ್ಲವಾದ್ದರಿಂದ ಮಾತಿನಲ್ಲೇ ಕಳಿಸುತ್ತಿದ್ದೇನೆ. ಗುಂಪಿನ ಉಳಿದವರು ಬೇಸರಿಸಬಾರದು.

ವರ್ಷಕ್ಕೆ ಶೇಕಡಾ 11ರಷ್ಟು ಗಳಿಕೆ ಎಂದು ನೀನು ಹೇಳಿದ ಲೆಕ್ಕ ಸುಳ್ಳಲ್ಲ. 1987ರಿಂದ 2015ರವರೆಗಿನ ಸೆಟ್‌ಗಳ ಮರುಮಾರಾಟದ ಬೆಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಸರಾಸರಿ ಅಷ್ಟು ಗಳಿಕೆ ಕಂಡದ್ದು ನಿಜ. ಆದರೆ ಅದು ತೆರೆಯದ ಸೆಟ್‌ಗಳ ಲೆಕ್ಕ, ಮೇಲಾಗಿ ಸರಾಸರಿಯ ಲೆಕ್ಕ. ಅವುಗಳಲ್ಲಿ ಕೆಲವು ದೊಡ್ಡ ನಷ್ಟವನ್ನೇ ತೋರಿಸಿದ್ದವು. ಒಂದು ಸೆಟ್‌ನ ತಯಾರಿಕೆ ನಿಂತ ಮೇಲೆ ಯಾರೋ ಒಬ್ಬರು ಪೆಟ್ಟಿಗೆ ತೆರೆದಾಗಲೆಲ್ಲ ಮೊಹರಿರುವ ಸೆಟ್ ಜಗತ್ತಿನಲ್ಲಿ ಒಂದು ಕಡಿಮೆಯಾಗುತ್ತದೆ, ಬೆಲೆ ಏರುವುದು ಅದರಿಂದಲೇ. ಅದೇ ಗಳಿಗೆಯಲ್ಲಿ ಬಿಡಿ ತುಂಡುಗಳ ರಾಶಿ ಅಷ್ಟರಮಟ್ಟಿಗೆ ಹೆಚ್ಚುತ್ತದೆ ಎಂಬುದನ್ನು ನೀನು ಗಮನಿಸಿಲ್ಲ.

ಎಂಟು ಗುಬುಟುಗಳ ಸಾಮಾನ್ಯ ಇಟ್ಟಿಗೆಯನ್ನೇ ನೋಡು. 1958ರಲ್ಲಿ ಪೇಟೆಂಟ್ ಪಡೆದ ಜೋಡಣೆಯ ಕ್ರಮ ಇಂದಿಗೂ ಬದಲಾಗಿಲ್ಲ. ಅಂದಿನ ಇಟ್ಟಿಗೆಗೆ ಇಂದಿನದು ಕೂಡುತ್ತದೆ. ಹೊಸದು ಸಲೀಸಾಗಿ ಸಿಗುವಾಗ ನೀನು ಹದಿನೈದು ವರ್ಷ ಕಾಪಾಡಿದ ಕೆಂಪು ಇಟ್ಟಿಗೆಗೆ ಹೆಚ್ಚು ಹಣ ಯಾರು ಕೊಡುತ್ತಾರೆ? ಆ ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿರುವುದರಿಂದ ಅದಕ್ಕೆ ಹೊಂದುವ ಇಟ್ಟಿಗೆಗಳನ್ನು ಬೇರೆಯವರೂ ತಯಾರಿಸುತ್ತಿದ್ದಾರೆ.

ಬೆಲೆ ಬರುವುದು ಆಕಾರ ಮತ್ತು ಬಣ್ಣ ಎರಡೂ ಸೇರಿ ಅಪರೂಪವಾದ ತುಂಡುಗಳಿಗೆ, ಒಂದೋ ಎರಡೋ ಸೆಟ್‌ನಲ್ಲಿ ಮಾತ್ರ ಬಂದ ಪುಟ್ಟ ಗೊಂಬೆಗಳಿಗೆ, ಪ್ರಾಣಿಗಳಿಗೆ. 2004ರ ಸುಮಾರಿಗೆ ಬೂದು ಬಣ್ಣಕ್ಕೆ ನೀಲಿ ಛಾಯೆ ಸೇರಿಸಿದ ಮೇಲೆ, ಹಳೆಯ ಸೆಟ್‌ಗಳನ್ನು ಮೊದಲಿನಂತೆಯೇ ಪೂರ್ತಿಗೊಳಿಸುವವರು ಹಳೆಯ ಬೂದನ್ನೇ ಹುಡುಕುತ್ತಾರೆ. ಇಂಥ ಕೊರತೆಯ ಬೀಗದ ಕೈ ಮಾತ್ರ ಕಂಪನಿಯ ಹತ್ತಿರವೇ ಇದೆ. 2011ರ ಒಂದು ಹಳ್ಳಿಯ ಸೆಟ್‌ನಲ್ಲಿ ಬಂದಿದ್ದ ಮೇಕೆ ಬಹಳ ವರ್ಷ ಮತ್ತೆ ಬರಲಿಲ್ಲ, ಸಂಗ್ರಾಹಕರು ಆ ಒಂದು ಮೇಕೆಗೆ ಅದರ ಗಾತ್ರಕ್ಕೆ ನಗು ಬರುವಷ್ಟು ಹಣ ತೆರುತ್ತಿದ್ದರು. 2024ರಲ್ಲಿ ಮಧ್ಯಯುಗದ ಪೇಟೆಯ ಸೆಟ್‌ನೊಂದಿಗೆ ಹೊಸ ಅಚ್ಚಿನ ಮೇಕೆ ಬಂದೇಬಿಟ್ಟಿತು. ಮೇಕೆ ಬೇಕು, ಯಾವ ಅಚ್ಚಾದರೂ ಸರಿ ಎನ್ನುವ ಗಿರಾಕಿ ಇನ್ನು ಹಳೆಯದರ ಕಡೆ ಏಕೆ ತಿರುಗಿ ನೋಡುತ್ತಾನೆ?

ಪ್ಲಾಸ್ಟಿಕ್ ಎಂದಿಗೂ ಕೆಡುವುದಿಲ್ಲ ಎಂಬ ನಿನ್ನ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಿಸಿಲು ತಾಗಿದ ಬಿಳಿ ತುಂಡು ಹಳದಿಗೆ ತಿರುಗುತ್ತದೆ. ಕೆಂಗಂದು ಬಣ್ಣದ ಕೆಲವು ವರ್ಷಗಳ ತುಂಡುಗಳಂತೂ ಸುಲಭವಾಗಿ ಸೀಳುತ್ತವೆಂದು ಹೆಸರಾಗಿವೆ. ನನ್ನ ಡಬ್ಬಿಯಲ್ಲೇ ಎಚ್ಚರಿಕೆಯಿಂದ ಇಟ್ಟಿದ್ದ ಸಣ್ಣ ಹಿಡಿಕೆಗಳು ಬೆರಳಿನ ಒತ್ತಡಕ್ಕೇ ಪಟ್ ಎಂದು ಮುರಿದಿದ್ದವು.

ಇಷ್ಟೆಲ್ಲ ಹೇಳಿದ ಮೇಲೂ ಬಿಡಿ ತುಂಡು ಮಾರಿ ಹಣ ಮಾಡುವವರು ಇದ್ದಾರೆ. ಬ್ರಿಕ್‌ಲಿಂಕ್ ಎಂಬ ಅಂತರ್ಜಾಲ ಮಾರುಕಟ್ಟೆ 2000ದಿಂದ ನಡೆಯುತ್ತಿದೆ, 2019ರಲ್ಲಿ ಅದನ್ನು ಲೆಗೊ ಕಂಪನಿಯೇ ಕೊಂಡುಕೊಂಡಿತು. ಅಲ್ಲಿನ ಅನೇಕ ಮಾರಾಟಗಾರರು ರಿಯಾಯಿತಿಯಲ್ಲಿ ಸೆಟ್ ಕೊಂಡು, ಬಿಡಿಸಿ, ಸಂಖ್ಯೆ ಬಣ್ಣ ನೋಡಿ ವಿಂಗಡಿಸಿ, ಒಬ್ಬರಿಗೆ ನಾಲ್ಕು, ಇನ್ನೊಬ್ಬರಿಗೆ ಹದಿನೇಳು ಎಂದು ಎಣಿಸಿ ಕಳಿಸುತ್ತಾರೆ. ಬಿಡಿಬಿಡಿಯಾಗಿ ಮಾರಿದಾಗ ಒಟ್ಟು ಮೊತ್ತ ಸೆಟ್‌ನ ಬೆಲೆಗಿಂತ ಹೆಚ್ಚಾಗುವುದುಂಟು, ಆದರೆ ಬೇಗ ಹೋಗುವುದು ಗೊಂಬೆ ಮತ್ತು ಅಪರೂಪದ ತುಂಡುಗಳು, ಉಳಿದದ್ದು ಡಬ್ಬಿಗಳಲ್ಲಿ ವರ್ಷಗಟ್ಟಲೆ ಕೂರುತ್ತದೆ. ಆ ಲಾಭ ಅವರ ದುಡಿಮೆಯ ಕೂಲಿಯೇ ಹೊರತು ಕಾಲ ತಾನಾಗಿ ಕೊಟ್ಟ ಬಡ್ಡಿಯಲ್ಲ. ನೀನು ಹೇಳುತ್ತಿರುವುದು ಕಪಾಟಿನಲ್ಲಿಟ್ಟು ಮರೆಯುವ ಹೂಡಿಕೆ. ಸಂಜೆಯೆಲ್ಲ ಕುಳಿತು ತುಂಡು ಎಣಿಸುವ ತಾಳ್ಮೆ ನಿನಗಿದೆಯೆಂದು ನಿನ್ನ ಅತ್ತಿಗೆಯೂ ಒಪ್ಪಲಾರಳು.

ಆದರೂ ಮನಸ್ಸು ಹಿಂದೆಗೆಯದಿದ್ದರೆ ಸಾಮಾನ್ಯ ಇಟ್ಟಿಗೆಗಳನ್ನು ಪೂರ್ತಿ ಬಿಟ್ಟು, ನೀನೇ ಇಷ್ಟಪಟ್ಟು ಜೋಡಿಸುವ ಬಗೆಯ ಕೆಲವೇ ಕೆಲವು ಅಪರೂಪದ ತುಂಡುಗಳನ್ನು ಬಿಸಿಲು ಬೀಳದ ಕಡೆ ಇಡು, ಕೊಂಡ ದಿನದ ಬೆಲೆಯನ್ನೂ ಬರೆದಿಡು. ಕೊಳ್ಳುವ ಮೊದಲು ಅದೇ ತುಂಡು, ಅದೇ ಬಣ್ಣ ಕಳೆದ ಆರು ತಿಂಗಳಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ನೋಡು. ಮಾರುವವರು ಕೇಳುತ್ತಿರುವ ಬೆಲೆಯನ್ನು ನಂಬಬೇಡ. ಹಾಗೆ ನೋಡಿದ ತುಂಡುಗಳ, ಬೆಲೆಗಳ ಪಟ್ಟಿ ಸಿದ್ಧವಾದ ಮೇಲೆ ನನಗೊಮ್ಮೆ ಕಳಿಸು.